ಜೆಸಿಬಿಗೆ ಹೊಸ ಮೆಟ್ಟಿಲು: ಕಾಲಿಗೆ ಚಲೋ, ಕೈಗೆ ಅಲ್ಲ

ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲುಗಣಿಗಳಲ್ಲಿ ಜೆಸಿಬಿಯ ಕೆಳಮೆಟ್ಟಿಲು ಬಂಡೆಗೆ ಬಡಿದು ಮುರಿಯುವುದು ಮಾಮೂಲು. ಮುರಿದ ಮೇಲೆ ಆಪರೇಟರ್ ಟೈರಿನ ಮೇಲೆ ಕಾಲಿಟ್ಟು ಹತ್ತುತ್ತಾನೆ, ಇಳಿಯುವಾಗ ಜಿಗಿಯುತ್ತಾನೆ. ಅದರ ಬದಲಿಗೆ ಕಲಬುರಗಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನವರು ಮಾಡಿಕೊಡುವ ಸೆಟ್ ಇದು: ಎರಡು ಜಾಲರಿ ಮೆಟ್ಟಿಲು, ಹಳೆ ಕನ್ವೇಯರ್ ಬೆಲ್ಟಿಗೆ ತೂಗುಹಾಕಿದ ಒಂದು ಕೆಳಮೆಟ್ಟಿಲು, ಎರಡು ಹಿಡಿಕೆ.

ಜಾಲರಿಗೆ ಪೂರ್ತಿ ಅಂಕ. ಚೆಕರ್ಡ್ ಪ್ಲೇಟ್ (ಉಬ್ಬುಗೆರೆಯ ಉಕ್ಕಿನ ತಗಡು) ಹಾಕಿದ್ದರೆ ನಮ್ಮ ಎರೆಮಣ್ಣಿನ ಮುಂದೆ ಸೋಲುತ್ತಿತ್ತು. ಮಳೆಗಾಲದಲ್ಲಿ ಎರೆ ಅಂಟಾಗಿ ಪ್ಲೇಟಿನ ಉಬ್ಬುಗೆರೆಗಳ ನಡುವೆ ಮೆತ್ತಿಕೊಳ್ಳುತ್ತದೆ. ನಾಲ್ಕು ಸಲ ತುಳಿದರೆ ಸಾಕು, ಪಾಚಿಗಟ್ಟಿದ ಬಾವಿಯ ಮೆಟ್ಟಿಲೇ. ಹಲ್ಲುಳ್ಳ ಜಾಲರಿಯಲ್ಲಿ ಮಣ್ಣು ಕೆಳಗೆ ಉದುರುತ್ತದೆ, ಹಲ್ಲು ಬೂಟಿನ ಅಡಿಯನ್ನು ಕಚ್ಚುತ್ತದೆ. ಹಾಗಂತ ಬಿಟ್ಟರೆ ಉಳಿದ ಮಣ್ಣು ಒಣಗಿ ಜಾಲರಿಯ ಕಣ್ಣುಗಳೇ ಮುಚ್ಚುತ್ತವೆ. ಸಂಜೆಯೇ ಕೆರೆದು ತೆಗೆಯಬೇಕು.

ಕೆಳಮೆಟ್ಟಿಲು ನೆಲದಿಂದ 450 ಮಿ.ಮೀ. ಎತ್ತರದಲ್ಲಿದೆ. ಇಂಥ ಯಂತ್ರಗಳನ್ನು ಹತ್ತಿಳಿಯುವ ವ್ಯವಸ್ಥೆಗಿರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 2867, 700ರವರೆಗೆ ಒಪ್ಪುತ್ತದೆ, 400ರ ಆಸುಪಾಸು ಮೊಣಕಾಲಿಗೆ ಹಿತ. ಬಂಡೆ ತಾಗಿದರೆ ಬೆಲ್ಟ್ ಬಾಗುತ್ತದೆ, ಮುರಿಯುವುದಿಲ್ಲ. ಆದರೆ ಕೊಟ್ಟಿರುವ ಬೆಲ್ಟ್ ತೀರಾ ತೆಳು: ತೂಕ ಬಿದ್ದೊಡನೆ ಮೆಟ್ಟಿಲು ಒಳಕ್ಕೆ ತೂಗಿ ಬೂಟಿನ ಮೂತಿ ಜಾರುತ್ತದೆ. ಎರಡು ಪದರ ಕೇಳಿ ಹಾಕಿಸಿಕೊಳ್ಳಿ, ವಾಷರ್ ದೊಡ್ಡದೇ ಇರಲಿ. ಸಣ್ಣ ವಾಷರ್ ಬೆಲ್ಟನ್ನು ಹರಿದುಕೊಂಡು ಹೊರಬರುತ್ತದೆ.

ಹಿಡಿಕೆಯದೇ ತಕರಾರು. ಪೈಪು 25 ಮಿ.ಮೀ., ಮುಷ್ಟಿಗೆ ಸರಿ. ಆದರೆ ಪೈಪಿಗೂ ಕ್ಯಾಬಿನ್ ತಗಡಿಗೂ ನಡುವೆ ಬರೀ 30 ಮಿ.ಮೀ. ಸಂದು, ಕೈಗವಸು ತೊಟ್ಟ ಬೆರಳು ತೂರುವುದಿಲ್ಲ. ಕನಿಷ್ಠ 50, ಸಾಧ್ಯವಾದರೆ 75 ಬೇಕು. ಕೆಳತುದಿಯಂತೂ ನೆಲದಲ್ಲಿ ನಿಂತವನಿಗೆ ಎಟುಕುವುದೇ ಇಲ್ಲ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಸದಾ ಆಸರೆಯಲ್ಲಿರಬೇಕು; ಇಲ್ಲಿ ಮೊದಲ ಹೆಜ್ಜೆಗೇ ಅದು ತಪ್ಪುತ್ತದೆ. ಕೈ ತಾನಾಗಿ ಸ್ಟೀರಿಂಗಿಗೋ ಲಿವರಿಗೋ ಹೋಗುತ್ತದೆ, ಎಂಜಿನ್ ಚಾಲೂ ಇದ್ದರೆ ಯಂತ್ರವೇ ಅಲುಗುತ್ತದೆ. ಮೇಲಾಗಿ ಕಪ್ಪು ಬಣ್ಣ! ಮೇ ಬಿಸಿಲಲ್ಲಿ ಮುಟ್ಟಿ ನೋಡಿ.

ಕೂರಿಸುವಾಗ ಕ್ಯಾಬಿನ್ ಕಂಬಕ್ಕೆ ವೆಲ್ಡಿಂಗ್ ಮಾಡಿಸಬೇಡಿ, ತೂತೂ ಹೊಡೆಸಬೇಡಿ. ಯಂತ್ರ ಮಗುಚಿದರೆ ಒಳಗಿದ್ದವನನ್ನು ಉಳಿಸುವುದು ಆ ಕಂಬ. ಬೇರೆಡೆ ವೆಲ್ಡಿಂಗ್ ಇದ್ದರೂ ಮೊದಲು ಬ್ಯಾಟರಿ ಕೇಬಲ್ ಬಿಚ್ಚಿಸಿ. ಶೆಡ್ಡಿನವರು ಮೆಟ್ಟಿಲನ್ನಷ್ಟೇ ಬೇರೆಯಾಗಿಯೂ ಮಾರುತ್ತಾರೆ. ಅದನ್ನು ತಗೊಳ್ಳಿ, ಹಿಡಿಕೆ ನಿಮ್ಮ ಅಳತೆ ಕೊಟ್ಟು ಮಾಡಿಸಿ.