ಭಾಷಣ ಕಡಿಮೆ, ಕೆಲಸ ಜಾಸ್ತಿ: ಮಾದಕ ವಸ್ತು–ಎಚ್‌ಐವಿ ತಡೆ ಕಾರ್ಯಕ್ರಮದ ಬಗ್ಗೆ ನನ್ನ ಅನುಭವ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಜಾಗೃತಿ ಕಾರ್ಯಕ್ರಮ ಅಂದರೆ ನನಗೆ ಅಷ್ಟಕ್ಕಷ್ಟೇ. ಒಬ್ಬರು ಅತಿಥಿ, ಒಂದು ಭಾಷಣ, ಕೊನೆಗೆ ಗ್ರೂಪ್ ಫೋಟೊ, ಅಲ್ಲಿಗೆ ಮುಗಿಯಿತು. ಈ ಸಲ ನಮ್ಮಲ್ಲಿಗೆ ಬಂದದ್ದು ಬೇರೆ ಥರ. ಶಾಲೆ, ಆರೋಗ್ಯ ಕೇಂದ್ರ, ಪೋಷಕರು, ಸುತ್ತಲಿನ ಅಂಗಡಿಯವರು ಸೇರಿ ಸಮಿತಿ ಮಾಡಿಕೊಂಡು ವರ್ಷವಿಡೀ ನಡೆಸುವ ಕಾರ್ಯಕ್ರಮ. ಬೇರೆ ಶಾಲೆಯ ಟೀಚರುಗಳು ಹೇಗಿದೆ ಎಂದು ಕೇಳುತ್ತಿದ್ದಾರೆ, ಅದಕ್ಕೇ ಇದು.

ಸೂಜಿ ಹಂಚಿಕೊಂಡರೆ ಎಚ್‌ಐವಿ ಹರಡುತ್ತದೆ ಎಂದು ನಾವೂ ಹೇಳುತ್ತೇವೆ. ಸೂಜಿ ಮುಟ್ಟದವರೂ ಅಮಲಿನಲ್ಲಿ ಕಾಂಡೋಮ್ ಮರೆಯುತ್ತಾರೆ ಎನ್ನುವುದನ್ನು ಮಾತ್ರ ನುಂಗಿಬಿಡುತ್ತೇವೆ. ಬಂದ ನರ್ಸ್ ಸಿಸ್ಟರ್ ಅದನ್ನು ಮಲೇರಿಯಾ ಬಗ್ಗೆ ಹೇಳಿದಷ್ಟೇ ಸಲೀಸಾಗಿ ಹೇಳಿದರು.

ಅವರ ಚೀಟಿ ಡಬ್ಬಕ್ಕೆ ಪೂರ್ತಿ ಅಂಕ. ಹೆಸರಿಲ್ಲದ ಒಂದು ಚೀಟಿಯಲ್ಲಿತ್ತು: ‘ನನ್ನ ಫ್ರೆಂಡ್ ಬೇರೆಯವರ ಸೂಜಿ ಚುಚ್ಚಿಕೊಂಡಿದ್ದಾನೆ, ಈಗೇನು ಮಾಡೋದು?’ ಯಾರವನು ಎಂದು ಸಿಸ್ಟರ್ ಕೇಳಲೇ ಇಲ್ಲ. 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಆಸ್ಪತ್ರೆಗೆ ಹೋದರೆ ಸೋಂಕು ತಡೆಯುವ ಮಾತ್ರೆ ಶುರು ಮಾಡಬಹುದು, 28 ದಿನ ತಪ್ಪದೆ ನುಂಗಬೇಕು ಎಂದರು. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಕ್ಕದೆಯೂ ಹೋಗಬಹುದು, ಮತ್ತೆ ಮಾಡಿಸಬೇಕು ಎಂದೂ ಸೇರಿಸಿದರು. ಲಾಸ್ಟ್ ಬೆಂಚಿನವರು ನೋಟ್‌ಬುಕ್ಕಿನ ಹಿಂದೆ ‘72’ ಎಂದು ಗೀಚಿಕೊಂಡರು. ನನ್ನ ಪಾಠದಲ್ಲಿ ಈ ಶ್ರದ್ಧೆ ಕಂಡಿಲ್ಲ ಬಿಡಿ.

ಅಂಗಡಿಯವರನ್ನು ಸೇರಿಸಿದ್ದೂ ಬರೀ ಹೆಸರಿಗಲ್ಲ. ಒಂದಿಬ್ಬರು ಹುಡುಗರು ಪದೇ ಪದೇ ವೈಟ್ನರ್ ಒಯ್ಯುತ್ತಿದ್ದಾರೆಂದು ಸಭೆಯಲ್ಲಿ ಹೇಳಿದವರೇ ಸ್ಟೇಷನರಿ ಅಂಗಡಿಯವರು. ಅದನ್ನು ಮೂಸಿ ನಶೆ ಏರಿಸಿಕೊಳ್ಳುತ್ತಾರೆಂದು ಅರ್ಧ ಪೋಷಕರಿಗೆ ಗೊತ್ತೇ ಇರಲಿಲ್ಲ.

ತಕರಾರೂ ಇದೆ. ಒಬ್ಬ ಸ್ವಯಂಸೇವಕರು ಎಲುಬು ಕಾಣುವ ರೋಗಿಯ ಚಿತ್ರ ಹಾಕಿ ಹೆದರಿಸಲು ನೋಡಿದರು. ಇವತ್ತಿನ ದಿನಗಳಲ್ಲಿ ಎಚ್‌ಐವಿ ಇದ್ದರೂ ಚಿಕಿತ್ಸೆಯ ಮಾತ್ರೆ ಸರಿಯಾಗಿ ತೆಗೆದುಕೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ತಗ್ಗಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. ಆ ಮಾತ್ರೆ ನುಂಗುತ್ತಿರುವ ಮಗು ಅದೇ ಹಾಲ್‌ನಲ್ಲಿ ಕೂತಿದ್ದರೆ?

ಇನ್ನೊಂದು, ಇವರು ಹಾಜರಿ ಎಣಿಸುತ್ತಾರೆ, ಫಲಿತಾಂಶ ಅಳೆಯುವುದಿಲ್ಲ. ಐಸ್‌ಲ್ಯಾಂಡ್‌ನಲ್ಲಿ ಮಕ್ಕಳ ಸಮೀಕ್ಷೆ ಮಾಡಿ ಅಂಕಿಅಂಶವನ್ನು ಶಾಲೆ, ಪೋಷಕರ ಮುಂದೆಯೇ ಇಡುತ್ತಾರೆ, ಸಂಜೆಗೆ ಆಟ–ಸಂಗೀತದ ವ್ಯವಸ್ಥೆಯನ್ನೂ ಮಾಡಿದ್ದಾರೆ. ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿತ್ತು ಎಂದ 15–16ರ ಹರೆಯದವರು ಅಲ್ಲಿ 1998ರಲ್ಲಿ ಶೇ. 42 ಇದ್ದರು, 2016ರಲ್ಲಿ ಶೇ. 5. ನಮ್ಮ ಸಮಿತಿ ಅದೇ ಐಸ್‌ಲ್ಯಾಂಡಿನ ಸ್ಲೈಡ್ ತೋರಿಸಿತು, ಆದರೆ ಸಂಜೆ ಮೈದಾನದ ಬೀಗ ತೆಗೆಸುವ ಗೋಜಿಗೆ ಹೋಗಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕರೆಸಿಕೊಳ್ಳುವವರು ನರ್ಸ್ ಬರುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಚೀಟಿ ಓದುವ ಹೊತ್ತಿಗೆ ಹೆಡ್‌ಮಾಸ್ಟರನ್ನು ಹೇಗಾದರೂ ಮಾಡಿ ಆಫೀಸ್ ರೂಮಿನಲ್ಲೇ ಕೂರಿಸಿ.