ಅಪ್ಪನ ಕಫಕ್ಕೆ ಮೂರು ಪರೀಕ್ಷೆ: ಯಾವುದು ಏನು ಹೇಳಿತು?

ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಒಮ್ಮೆ ಟಿಬಿ ಬಂದು ವಾಸಿಯಾಗಿತ್ತು. ಹೋದ ಮಳೆಗಾಲದಲ್ಲಿ ಮತ್ತೆ ಕೆಮ್ಮು, ತೂಕವೂ ಇಳಿಯಿತು. ಒಂದು ಕ್ಲಿನಿಕ್ಕಿನಲ್ಲಿ ಕಫ ನೋಡಿ ಟಿಬಿ ಮಾತ್ರೆ ಶುರು ಮಾಡಿದರು. ನಾಲ್ಕು ತಿಂಗಳಾದರೂ ಕಫ ಪಾಸಿಟಿವ್. ‘ಇದು ಔಷಧಿಗೆ ಬಗ್ಗದ ಟಿಬಿ, ಎಂಡಿಆರ್’ ಅಂದುಬಿಟ್ಟರು. ಮನೆಯಲ್ಲಿ ಅಪ್ಪನ ತಟ್ಟೆ ಲೋಟ ಬೇರೆಯಾದವು. ಟಿಬಿ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಹೆದರಿಕೆಯಲ್ಲಿ ಅದೆಲ್ಲ ಯಾರಿಗೆ ನೆನಪಾಗುತ್ತದೆ?

ಅಲ್ಲಿಯವರೆಗೆ ನಡೆದದ್ದೆಲ್ಲ ಮೈಕ್ರೋಸ್ಕೋಪ್ ಪರೀಕ್ಷೆ. ಅಗ್ಗ, ವರದಿಯೂ ಬೇಗ. ಬಣ್ಣ ಹಾಕಿ ಆಸಿಡ್‌ನಲ್ಲಿ ತೊಳೆದರೂ ಕೆಂಪಾಗಿಯೇ ಉಳಿಯುವ ಕಡ್ಡಿಯಂಥ ರೋಗಾಣುಗಳನ್ನು ಹುಡುಕುತ್ತಾರೆ. ತೊಂದರೆ ಏನೆಂದರೆ, ಟಿಬಿ ರೋಗಾಣುವಿನ ದಾಯಾದಿಗಳೂ ಹಾಗೇ ಕೆಂಪಾಗುತ್ತವೆ. ಅವು ನೀರು, ಮಣ್ಣಿನಲ್ಲಿ ಬದುಕುವಂಥವು, ಹೆಸರು ಎನ್‌ಟಿಎಂ. ಔಷಧಿಗೆ ಬಗ್ಗುತ್ತದೋ ಇಲ್ಲವೋ ಅನ್ನುವುದಂತೂ ಮೈಕ್ರೋಸ್ಕೋಪಿಗೆ ಕಾಣುವುದೇ ಇಲ್ಲ.

ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಮಾಡಿಸಿದೆವು. ಪುಕ್ಕಟೆ. ಯಂತ್ರಕ್ಕೆ ಹಾಕಿದ ಮೇಲೆ ಎರಡು ತಾಸಿನ ಕೆಲಸ. ಟಿಬಿ ರೋಗಾಣುವಿನ ಜೀನ್ ಹುಡುಕಿ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಅದನ್ನೂ ಹೇಳುತ್ತದೆ. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಕೂಡ ಇದೇ ಜಾತಿಯದು. ವರದಿ ಬಂತು: ಟಿಬಿ ಇಲ್ಲ!

ಯಂತ್ರ ಕೆಟ್ಟಿದೆ ಅಂದುಕೊಂಡೆ. ಅಲ್ಲಿನ ಡಾಕ್ಟರು ಲೆಕ್ಕ ಬಿಡಿಸಿ ಹೇಳಿದರು. ಮೈಕ್ರೋಸ್ಕೋಪಿಗೆ ಕಾಣಬೇಕಾದರೆ ಒಂದು ಎಂಎಲ್ ಕಫದಲ್ಲಿ 5,000ದಿಂದ 10,000 ರೋಗಾಣುವಾದರೂ ಇರಬೇಕು. ಯಂತ್ರಕ್ಕೆ ನೂರೈವತ್ತಿದ್ದರೂ ಸಾಕು. ಮಂದಗಣ್ಣಿನವನಿಗೆ ಕಂಡದ್ದು ಚುರುಕುಗಣ್ಣಿನವನಿಗೆ ಕಾಣಲಿಲ್ಲ ಅಂದರೆ ಅದು ಟಿಬಿಯೇ ಅಲ್ಲದಿರಬಹುದು, ಅಲ್ವಾ? ಇನ್ನೊಂದು ದಿನದ ಕಫ ಕೊಟ್ಟೆವು. ಮತ್ತೆ ಅದೇ ಉತ್ತರ. ಈ ಯಂತ್ರಕ್ಕೂ ಒಂದು ಕೊರತೆ ಇದೆ. ಹಿಂದೆ ಟಿಬಿ ಆಗಿದ್ದವರಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ಕಂಡರೂ ಪಾಸಿಟಿವ್ ಅನ್ನಬಹುದು.

ಟಿಬಿ ಅಲ್ಲ, ಸರಿ. ಹಾಗಾದರೆ ಯಾವುದು? ಅದಕ್ಕೆ ಕಲ್ಚರ್‌ಗೇ ಹೋಗಬೇಕು. ದ್ರವದಲ್ಲಿ ರೋಗಾಣು ಬೆಳೆಸುತ್ತಾರೆ. ಏನೂ ಬೆಳೆಯಲಿಲ್ಲ ಅನ್ನಲು 42 ದಿನ ಕಾಯುತ್ತಾರೆ. ನಮ್ಮದು ಬೆಳೆಯಿತು. ಅದರ ಮೇಲೆ ಕಾಲು ಗಂಟೆಯ ಕಾರ್ಡ್ ಪರೀಕ್ಷೆ, ಎಂಪಿಟಿ64. ಟಿಬಿ ಆಗಿದ್ದರೆ ಗೆರೆ ಮೂಡುತ್ತದೆ. ಮೂಡಲಿಲ್ಲ. ಒಂದು ಸಲ ಬೆಳೆದರೆ ನಂಬುವುದಿಲ್ಲ, ಸುಮ್ನೆ ನೀರಿನಿಂದ ಸೇರಿಕೊಂಡಿರಬಹುದು. ಬೇರೆ ಬೇರೆ ದಿನದ ಎರಡು ಕಫದಲ್ಲೂ ಒಂದೇ ರೋಗಾಣು ಬೆಳೆದು, ಸಿಟಿ ಸ್ಕ್ಯಾನ್ ಕೂಡ ಹೊಂದಿಕೆಯಾದ ಮೇಲೇ ಹೆಸರು ಹೇಳಿದರು: ಏವಿಯಂ ಗುಂಪಿನ ಎನ್‌ಟಿಎಂ.

ಒಂದನ್ನೇ ಆರಿಸು ಅಂದರೆ ನಾನು ಮೊದಲು ಸಿಬಿನ್ಯಾಟ್ ಅನ್ನುತ್ತೇನೆ. ನಿಜವಾದ ಎಂಡಿಆರ್ ಆಗಿದ್ದರೆ ಅದೇ ದಿನ ಸುಳಿವು ಸಿಗುತ್ತಿತ್ತು. ಕಲ್ಚರ್ ಕಾಯಿಸಿ ಕಾಯಿಸಿ ಜೀವ ತಿಂದಿತು, ಆದರೆ ಹೆಸರು ಹೇಳಿದ್ದು ಅದೊಂದೇ. ಇಲ್ಲದಿದ್ದರೆ ಅಪ್ಪ ಎಂಡಿಆರ್‌ಗೆ ಕೊಡುವ ಬೆಡಾಕ್ವಿಲಿನ್, ಲಿನೆಜೋಲಿಡ್ ನುಂಗಬೇಕಿತ್ತು. ಲಿನೆಜೋಲಿಡ್‌ನಿಂದ ಕಾಲು ಜೋಮು ಹಿಡಿಯುವುದುಂಟು. ಈಗ ಅಜಿತ್ರೊಮೈಸಿನ್ ಮುಖ್ಯ, ಜೊತೆಗೆ ಹಳೆಯ ರಿಫಾಂಪಿಸಿನ್, ಎಥಾಂಬುಟಾಲ್. ಕಲ್ಚರ್ ನೆಗೆಟಿವ್ ಆದ ಮೇಲೂ ಇನ್ನು ಒಂದು ವರ್ಷ. ಟಿಬಿಗಿಂತ ಜಾಸ್ತಿ ಕಾಲ!

ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅಂದರು. ಅಪ್ಪನ ತಟ್ಟೆ ಅಡುಗೆಮನೆಗೆ ವಾಪಸ್ ಬಂತು. ಲೋಟ ಮಾತ್ರ ಕೊಟ್ಟಿಲ್ಲ. ದೊಡ್ಡದಿದೆ, ಚಹಾ ಜಾಸ್ತಿ ಹಿಡಿಯುತ್ತದೆ ಅಂತಾರೆ.