ಸೊಂಟದ ಬೆಲ್ಟ್ ಒಳ್ಳೆಯದೇ, ವೆಲ್ಕ್ರೋ ಒಂದು ಬೇಡವಿತ್ತು

ಮಗುವನ್ನು ಸೊಂಟದಲ್ಲಿ ಕೂರಿಸಿಕೊಳ್ಳುವ ಬೆಲ್ಟ್, ಅಂಗಡಿಯವರು ಹಿಪ್ ಸೀಟ್ ಅನ್ನುತ್ತಾರಲ್ಲ, ಅದು ನಮ್ಮ ಮನೆಗೆ ಬಂದು ಇದು ಎರಡನೇ ಬೇಸಿಗೆ. ತಂದಾಗ ಮಗನಿಗೆ ವರ್ಷ ತುಂಬಿ ಸ್ವಲ್ಪವೇ ಆಗಿತ್ತು. ಈಗ ಎರಡು ದಾಟಿದ್ದಾನೆ. ಎಷ್ಟು ಕಿಲೋ ತಡೆಯುತ್ತದೆ, ಯಾವ ಬಣ್ಣಗಳಿವೆ ಅನ್ನುವುದೆಲ್ಲ ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಇದೇ ನಮೂನೆಯದು ಹತ್ತಾರು ಹೆಸರಿನಲ್ಲಿ ಸಿಗುವುದರಿಂದ ಕಂಪನಿಯ ಹೆಸರು ಬರೆಯುವುದಿಲ್ಲ. ಬೆಲ್ಟ್ ನನಗೆ ಇಷ್ಟವಾಗಿದೆ. ಅದರ ತುದಿಗಳನ್ನು ಒತ್ತಿ ಅಂಟಿಸುವ ವೆಲ್ಕ್ರೋ ಮಾತ್ರ ಸಾಕು ಸಾಕು ಮಾಡಿಸಿದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಕಾರಿಲ್ಲ. ತಿರುಗಾಟ ಅಂದರೆ ಬಸ್ಸು, ರೈಲು, ಕೊನೆಗೊಂದು ಆಟೋ. ಮಂಗಳೂರಿನಲ್ಲಿರುವ ನಾದಿನಿ ತನ್ನ ಮಗುವಿನ ತಳ್ಳುಗಾಡಿ ಕೊಟ್ಟಿದ್ದಳು. ಮಾಲ್‌ನ ನುಣುಪು ನೆಲಕ್ಕೆ ಅದು ಚೆಂದ. ಇಲ್ಲಿ ಬಸ್ಸಿನ ಮೆಟ್ಟಿಲು ಎತ್ತರ, ಕಡಲ ಬದಿ ಪೂರಾ ಹೊಯಿಗೆ, ಅಂಗಳ ದಾಟಿದರೆ ಮುರಕಲ್ಲು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಡಚಿದ ಗಾಡಿ, ಹೆಗಲಲ್ಲಿ ಚೀಲ, ಅದು ಆಗುವ ಮಾತಲ್ಲ. ಹಾಗಾಗಿ ಎರಡು ಸಾವಿರದ ಆಸುಪಾಸು ಕೊಟ್ಟು ಇದನ್ನು ತಂದೆವು. ನಮ್ಮ ಲೆಕ್ಕಕ್ಕೆ ಅದು ಸಣ್ಣ ಹಣವಲ್ಲ.

ಸೊಂಟಕ್ಕೆ ಅಗಲದ ಪಟ್ಟಿ, ಅದರ ಮೇಲೆ ಮಗು ಕೂರುವಷ್ಟು ದಪ್ಪ ಸ್ಪಂಜಿನ ಗಟ್ಟಿ ಸೀಟು. ಭಾರವೆಲ್ಲ ತೋಳಿನಿಂದ ಸೊಂಟಕ್ಕೆ ಇಳಿಯುತ್ತದೆ. ಮುಂಚೆ ಎಡಸೊಂಟಕ್ಕೆ ಏರಿಸಿಕೊಂಡು ನಡೆದರೆ ಸಂಜೆ ಹೊತ್ತಿಗೆ ನಡು ಹಿಡಿದುಕೊಳ್ಳುತ್ತಿತ್ತು. ಈಗ ಹಾಗಿಲ್ಲ. ಭುಜಕ್ಕೆ ಹಾಕುವ ಪಟ್ಟಿಗಳ ಮೇಲ್ಭಾಗವೂ ಜೊತೆಗೆ ಬರುತ್ತದೆ. ಬೇಸಿಗೆಯಲ್ಲಿ ಅದನ್ನು ನಾನು ಮುಟ್ಟುವುದೇ ಇಲ್ಲ. ನಮ್ಮ ಸೆಕೆಯಲ್ಲಿ ಮಗುವಿನ ಎದೆ ನಮ್ಮ ಎದೆಗೆ ಒತ್ತಿಕೊಂಡರೆ ಇಬ್ಬರ ಬಟ್ಟೆಯೂ ಹಿಂಡುವಷ್ಟು ಒದ್ದೆ. ಬರೀ ಸೀಟಾದರೆ ನಡುವೆ ಗಾಳಿ ಆಡುತ್ತದೆ. ಆದರೆ ಬರೀ ಸೀಟಿನಲ್ಲಿ ಮಗುವನ್ನು ಹಿಡಿದುಕೊಳ್ಳುವ ಪಟ್ಟಿ ಒಂದೂ ಇಲ್ಲ. ನಮ್ಮ ಒಂದು ಕೈ ಅವನ ಬೆನ್ನಿನ ಮೇಲೆ ಇರಲೇಬೇಕು. ತೊಡೆಗೆ ಪೂರ್ತಿ ಆಸರೆ ಸಿಗುತ್ತದಾ, ಮೊಣಕಾಲು ಕುಂಡಿಗಿಂತ ಸ್ವಲ್ಪ ಮೇಲೆಯೇ ಇರುತ್ತದಾ ಅಂತಲೂ ನೋಡಿಕೊಳ್ಳಿ. ಮಗುವಿನ ಸೊಂಟದ ಕೀಲಿಗೆ ಹಾಗೆ ಕೂರುವುದೇ ಒಳ್ಳೆಯದು.

ಬೇಸಿಗೆಯಲ್ಲಿ ನಡು ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿ ಕೆಲಸ ಮಾಡಿಸಬಾರದು ಅಂತ ಕೇರಳದಲ್ಲಿ ಸರಕಾರವೇ ಆದೇಶ ಮಾಡುತ್ತದೆ, 12ರಿಂದ 3ರವರೆಗೆ. ಗಟ್ಟಿಮುಟ್ಟಾದ ದೊಡ್ಡವರಿಗೇ ಹಾಗಾದರೆ ಎರಡು ವರ್ಷದವನ ಗತಿ? ಹಾಗಾಗಿ ನಮ್ಮದು ಬೆಳಿಗ್ಗೆ ಬೇಗ ಹೊರಟು ಹತ್ತರೊಳಗೆ ನೆರಳು ಸೇರುವ ಕ್ರಮ, ಇಲ್ಲದಿದ್ದರೆ ನಾಲ್ಕರ ನಂತರ. ಹೊರಡುವ ಮುಂಚೆ ಸೀಟಿನ ಅಡಿಯ ಜಿಪ್ ಸಂಚಿ ತುಂಬುವುದು ನನಗೆ ಬಹಳ ಇಷ್ಟದ ಕೆಲಸ. ತಳದಲ್ಲಿ ಒಂದು ಚಡ್ಡಿ, ಅದರ ಮೇಲೆ ಮಡಚಿದ ಹಳೆಯ ತೆಳು ಬೈರಾಸು. ಎರಡು ಕದಳಿ ಹಣ್ಣು, ಅದೂ ಕಾಯಿಯ ಕಡೆಗೆ ಇರುವಂಥದ್ದು, ಹಣ್ಣಾದದ್ದು ಜಜ್ಜಿ ಹೋಗುತ್ತದೆ. ಜೀರಿಗೆ ಹಾಕಿ ಕುದಿಸಿ ಆರಿಸಿದ ನೀರಿನ ಕುಪ್ಪಿ ಮಾತ್ರ ನನ್ನ ಹೆಗಲ ಚೀಲದಲ್ಲಿ. ಮಗನಿಗೆ ಈ ಜಿಪ್ಪಿನ ಸದ್ದು ಕೇಳಿದರೆ ಸಾಕು, ಚಪ್ಪಲಿ ತಂದು ನನ್ನ ಕಾಲ ಬುಡದಲ್ಲಿ ಇಡುತ್ತಾನೆ. ಒಮ್ಮೊಮ್ಮೆ ಅಜ್ಜನ ಚಪ್ಪಲಿ.

ಬೇಕಲದಲ್ಲಿ ಇದು ಕೊಟ್ಟ ದುಡ್ಡಿಗೆ ಸರಿ ಅನ್ನಿಸಿತು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಚಿಕ್ಕ ಕಾಲುಗಳಿಗೆ ಅದು ಮುಗಿಯುವ ಜಾಗವೇ ಅಲ್ಲ. ರೈಲಿನಲ್ಲಿ ಹೋಗುವವರು ಬೇಕಲ ಫೋರ್ಟ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಳಗೆ ನೆರಳು ಕಡಿಮೆ, ಟೊಪ್ಪಿ ಮರೆಯಬೇಡಿ. ನಡುವಿನ ವೀಕ್ಷಣಾ ಬುರುಜಿಗೆ ಏರುವ ಇಳಿಜಾರಿನಲ್ಲಿ ಮಗ ತಾನೇ ನಡೆಯುತ್ತೇನೆ ಅಂದ. ಹತ್ತು ಹೆಜ್ಜೆಗೆ ‘ಎತ್ತು’. ಮತ್ತೆ ಹತ್ತು ಹೆಜ್ಜೆಗೆ ‘ಇಳಿ’. ಈ ಪ್ರಾಯದ ಮಕ್ಕಳೆಲ್ಲ ಹೀಗೇ ಅಲ್ವಾ? ಪಟ್ಟಿ ಬಿಗಿಯುವ, ಬಿಚ್ಚುವ ಗೋಜಿಲ್ಲದೆ ಸುಮ್ನೆ ಎತ್ತಿ ಕೂರಿಸಿದರೆ ಆಯಿತು. ಮೇಲಿನಿಂದ ಕಡಲು ಕಂಡ ಕೂಡಲೇ ಅವನು ಸೀಟಿನ ಮೇಲೆ ಕುಣಿದ ರೀತಿಗೆ ನನ್ನ ಸೊಂಟವೂ ಅಲುಗಾಡಿತು, ಬೆಲ್ಟ್ ಮಾತ್ರ ಜರುಗಲಿಲ್ಲ.

ಕುಂಬಳೆ ಹತ್ತಿರದ ಅನಂತಪುರದಲ್ಲೂ ಹಾಗೆಯೇ. ಕೆರೆಯ ನಡುವೆ ಇರುವ ದೇವಸ್ಥಾನ, ಸುತ್ತ ಮುರಕಲ್ಲಿನ ಬಯಲು. ಬರಿಗಾಲಿನಲ್ಲಿ ನಡೆಯುವಾಗ ಕಲ್ಲು ಬೇಗ ಕಾಯುತ್ತದೆ, ಮಗುವನ್ನು ಇಳಿಸುವಂತಿಲ್ಲ. ಆ ಕೆರೆಯಲ್ಲಿದ್ದ ಬಬಿಯಾ ಅನ್ನುವ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ 2023ರ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತ್ತು. ಅದನ್ನು ನೋಡಬೇಕೆಂದು ಮಗ ಕೆರೆಯ ಬದಿಯಲ್ಲಿ ಬಹಳ ಹೊತ್ತು ಕಾದ. ನಾನು ಅವನನ್ನು ಹೊತ್ತುಕೊಂಡೇ ಅಷ್ಟು ಹೊತ್ತು ನಿಂತೆ, ತೋಳು ನೋಯಲಿಲ್ಲ. ಮೊಸಳೆ ಕಾಣಲಿಲ್ಲ, ಮೀನು ಕಂಡಿತು. ಅವನಿಗೆ ಅಷ್ಟೇ ಸಾಕಾಯಿತು.

ಇನ್ನು ವೆಲ್ಕ್ರೋ. ಪಟ್ಟಿಯ ಒಂದು ತುದಿಯಲ್ಲಿ ಸಣ್ಣ ಸಣ್ಣ ಕೊಕ್ಕೆ, ಇನ್ನೊಂದರಲ್ಲಿ ನೂಲಿನ ಕುಣಿಕೆ. ಎರಡನ್ನೂ ಒತ್ತಿ, ಮೇಲಿಂದ ಒಂದು ಬಕಲ್ ಹಾಕಬೇಕು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಬೀಜ ನೋಡಿ ಇದನ್ನು ಕಂಡುಹಿಡಿದ. ಒಳ್ಳೆಯ ವಿದ್ಯೆಯೇ. ಆದರೆ ಮಲಗಿದ ಮಗುವಿನ ಪಕ್ಕದಲ್ಲಿ ಅದನ್ನು ಬಿಚ್ಚಿ ನೋಡಿ.

ಹೊಸ ಸೀರೆ ಹರಿದಂತೆ ‘ಪರ್‌ರ್’ ಅಂತ ಸದ್ದು. ತಿರುಗಾಟ ಮುಗಿಸಿ ಬರುವಾಗ ಮಗ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋಗಿರುತ್ತಾನೆ. ಮಂಚದಲ್ಲಿ ಮಲಗಿಸಿದರೂ ಅವನ ಬೆರಳು ನನ್ನ ಕಿವಿಯ ತುದಿ ಬಿಡುವುದಿಲ್ಲ. ಹಾಗೆ ಹಿಡಿದೇ ಅವನ ನಿದ್ದೆ. ಪಕ್ಕದಲ್ಲಿ ಒರಗಬೇಕೆಂದರೆ ಹೊಟ್ಟೆಯ ಮೇಲಿನ ಆ ದಪ್ಪ ಸೀಟು ಬಿಡುವುದಿಲ್ಲ, ಬೆಲ್ಟ್ ಬಿಚ್ಚಲೇಬೇಕು. ಬಿಚ್ಚಿದರೆ ಕಣ್ಣು ತೆರೆಯುತ್ತಾನೆ. ಸೆಕೆಯಲ್ಲಿ ಅರ್ಧಕ್ಕೆ ಎದ್ದ ಮಗುವಿನ ರಗಳೆ ಅಮ್ಮಂದಿರಿಗೆ ಹೇಳಬೇಕಾಗಿಲ್ಲ. ರೈಲಿನಲ್ಲೂ ಇದೇ ಕಥೆ. ಕೂರುವಾಗ ಸೀಟನ್ನು ಬೆನ್ನ ಕಡೆಗೆ ತಿರುಗಿಸಲು ಪಟ್ಟಿ ಸಡಿಲಿಸಬೇಕು, ಆಗ ಅವನೊಬ್ಬನೇ ಅಲ್ಲ, ಎದುರಿಗೆ ತೂಕಡಿಸುತ್ತಿದ್ದ ಹಿರಿಯರೂ ಎದ್ದು ಕೂರುತ್ತಾರೆ.

ಮಧೂರು ದೇವಸ್ಥಾನದಲ್ಲಿ ಇನ್ನೊಂದು ತೊಂದರೆ ಗೊತ್ತಾಯಿತು. ಅಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಮಗುವನ್ನು ಗಂಡ ಎತ್ತಿಕೊಂಡಿದ್ದರು. ಬರಿಮೈಗೆ ಕಟ್ಟಿದ ಪಟ್ಟಿಯ ಗಡಸು ಅಂಚು ಬೆವರಿಗೆ ಉಜ್ಜಿ, ಪ್ರದಕ್ಷಿಣೆ ಮುಗಿಯುವಾಗ ಪಕ್ಕೆಯಲ್ಲಿ ಕೆಂಪು ಬರೆ. ಈಗ ಅಲ್ಲಿಗೆ ಹೋದರೆ ಬೆಲ್ಟ್ ಹೊರಗೇ ಬಿಚ್ಚಿ ಚೀಲಕ್ಕೆ ಹಾಕುತ್ತೇವೆ. ಅಪ್ಪದ ಪ್ರಸಾದ ಸಿಕ್ಕಿದ ಮೇಲೆ ಮಗನೂ ಯಾರ ಸೊಂಟವನ್ನೂ ಕೇಳುವುದಿಲ್ಲ, ಮೂಲೆಯಲ್ಲಿ ಕೂತು ತಿನ್ನುತ್ತಾನೆ.

ಕಣ್ವತೀರ್ಥದ ಕಡಲ ಬದಿಗೆ ಹೋಗಿ ಬಂದರೆ ಕೊಕ್ಕೆಗಳ ನಡುವೆ ಹೊಯಿಗೆ. ಮನೆಯಲ್ಲಿ ತೆಂಗಿನ ನಾರು, ನನ್ನ ಚೂಡಿದಾರದ ನೂಲು, ಮಗನ ಕೂದಲು ಎಲ್ಲವೂ ಅದಕ್ಕೇ. ತುಂಬಿದಷ್ಟೂ ಹಿಡಿತ ಕಡಿಮೆ. ಎರಡು ವರ್ಷದ ಮಗು ಕೂರುವ ವಸ್ತುವಿನ ಹಿಡಿತ ಸಡಿಲವಾಗುವುದೆಂದರೆ ನನಗೆ ಭಯವೇ. ಜಗಲಿಯಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಉಳಿದ ಎಳೆಗಳನ್ನು ಪಿನ್ನಿನಲ್ಲಿ ಒಂದೊಂದಾಗಿ ಎಳೆದು ತೆಗೆಯುತ್ತೇನೆ. ಒಗೆಯುವ ಮುಂಚೆ ಎರಡೂ ತುದಿ ಅಂಟಿಸಿಯೇ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಬಕೆಟಿನ ಬಟ್ಟೆಯೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಈ ವರ್ಷ ಹಿಡಿತ ತೀರಾ ಕಡಿಮೆಯಾಯಿತೆಂದು ಪೇಟೆಯಲ್ಲಿ ಚೀಲ ಹೊಲಿಯುವವರ ಹತ್ತಿರ ಹೊಸ ವೆಲ್ಕ್ರೋ ಹಾಕಿಸಿದೆವು. ಹೊಲಿಗೆ ಗಟ್ಟಿಯಾಗಿದೆ, ಎಳೆದು ಎಳೆದು ನೋಡಿದ್ದೇವೆ. ಹಿಡಿತ ಬಂತು. ಸದ್ದು ಹಳೆಯದಕ್ಕಿಂತ ಜೋರು.

ಇಷ್ಟಾದರೂ ಇದನ್ನು ಎಸೆಯಲು ಮನಸ್ಸಿಲ್ಲ, ಅದಕ್ಕೆ ಕಾರಣ ಮಾವ. ಮೊಣಕಾಲು ನೋವಿನಿಂದ ಮೊಮ್ಮಗನನ್ನು ಎತ್ತಿ ನಡೆಯುವುದನ್ನೇ ಬಿಟ್ಟಿದ್ದರು. ಬಾಗಿ ಎತ್ತುವುದು ಈಗಲೂ ಆಗುವುದಿಲ್ಲ. ಅವರು ಬೆಲ್ಟ್ ಬಿಗಿದು ನಿಂತರೆ ನಾವು ಮಗುವನ್ನು ಕೂರಿಸಿ ಕೊಡುತ್ತೇವೆ. ಬಿಳಿ ಮುಂಡಿನ ಮೇಲೆ ಬೆಲ್ಟ್, ಅದರ ಮೇಲೆ ಮೊಮ್ಮಗ, ಜೊತೆಗೆ ನಮ್ಮಲ್ಲಿ ಒಬ್ಬರು. ಗೇಟಿನವರೆಗೆ ಹೋಗಿ, ರೈಲು ಹೋಗುವ ಸದ್ದು ಕೇಳಿಸಿ, ವಾಪಸ್. ಅತ್ತೆ ಮೊದಲ ದಿನ ‘ಮಗುವನ್ನು ಎತ್ತಲಿಕ್ಕೂ ಬೆಲ್ಟ್ ಬೇಕಾ?’ ಅಂದಿದ್ದರು. ಈಗ ಸಂಜೆಯಾದರೆ ಬೆಲ್ಟ್ ಎಲ್ಲಿದೆ ಅಂತ ಹುಡುಕಿ ಕೊಡುವವರೂ ಅವರೇ.

ತೆಗೆದುಕೊಳ್ಳಬಹುದಾ ಅಂತ ಕೇಳಿದರೆ, ನಮ್ಮ ಕಡೆಯ ಬಸ್ಸು, ಮೆಟ್ಟಿಲು, ಹೊಯಿಗೆಗೆ ತಳ್ಳುಗಾಡಿಗಿಂತ ಇದು ಎಷ್ಟೋ ಮೇಲು, ಖಂಡಿತ ತೆಗೆದುಕೊಳ್ಳಿ. ಆದರೆ ವೆಲ್ಕ್ರೋ ಇಲ್ಲದೆ ಬರೀ ಬಕಲ್‌ನಲ್ಲಿ ಬಿಗಿಯುವ ಪಟ್ಟಿ ಸಿಕ್ಕಿದರೆ ನಾಲ್ಕು ಕಾಸು ಜಾಸ್ತಿ ಆದರೂ ಅದನ್ನೇ ನೋಡಿ. ಆನ್‌ಲೈನಿನಲ್ಲಿ ತರಿಸಬೇಡಿ. ಅಂಗಡಿಗೆ ಹೋಗಿ ಕಟ್ಟಿಕೊಂಡು, ಮಗುವನ್ನು ಕೂರಿಸಿ, ಒಂದು ಸುತ್ತು ನಡೆದು, ಅಲ್ಲೇ ಬಿಚ್ಚಿ ಕಿವಿಕೊಟ್ಟು ಕೇಳಿ.